ತೊಡಿಮಟ್ಟ ನೀರು, ಥಂಡಿ ಗಾಳಿ: ವಿಂಡ್‌ಸರ್ಫಿಂಗ್‌ಗೆ ಯಾವ ಫಿನ್ನು, ಯಾವ ಬೋರ್ಡು, ಮೈಮ್ಯಾಲೆ ಏನು

ಡಿಸೆಂಬರ್ ಬಂತಂದ್ರ ಸಾಕು, ಮುನಿರಾಬಾದ್ ಕಡೆ, ಗಂಗಾವತಿ ಕಡೆ ಇರೋ ಗೆಳೆಯರದು ಒಂದೇ ಪ್ರಶ್ನೆ, ಹಿನ್ನೀರು ಕಾಣೋತನಕ ಐತಿ, ಗಾಳಿನೂ ಐತಿ, ವಿಂಡ್‌ಸರ್ಫಿಂಗ್‌ಗೆ, ಅಂದ್ರ ಹಾಯಿ ಕಟ್ಟಿದ ಬೋರ್ಡಿನ ಮ್ಯಾಲೆ ನಿಂತು ಗಾಳಿಗೆ ನೀರ ಮ್ಯಾಲೆ ಓಡೋ ಆಟಕ್ಕ, ಎಷ್ಟು ಸೈಜಿನ ಹಾಯಿ ತರ್ಲಿ ಅಂತ. ಹಾಯಿ ಆಮ್ಯಾಲೆ ನೋಡೋಣ್ರಿ, ಮೊದಲು ನೀರು ಎಷ್ಟು ಆಳ ಐತಿ ಹೇಳ್ರಿ ಅಂತ ನಾನು ಕೇಳ್ತೀನಿ, ಅದಕ್ಕ ಯಾರ ಹತ್ರನೂ ಉತ್ತರ ಇರಂಗಿಲ್ಲ. ಆಳ ಕಡಿಮಿ ಇರೋ ನೀರಾಗ, ಅದೂ ಥಂಡಿ ದಿನ, ಏನು ಆರಿಸ್ಕೋಬೇಕು ಅನ್ನೋದು ಅಲ್ಲಿಂದನ ಶುರು ಆಗ್ತೈತಿ, ಹಂಗಾಗಿ ಒಂದೊಂದ ಪಕ್ಕಪಕ್ಕ ಇಟ್ಟು ಹೇಳ್ತೀನಿ.

ನನಗ ಇದು ತಿಳಿದದ್ದು ಪೆಟ್ಟು ತಿಂದು. ಕೆಲವು ವರ್ಷದ ಹಿಂದ ಪೂರ್ವ ಕರಾವಳಿ ಒಂದು ಹಿನ್ನೀರಾಗ ಬಾಡಿಗಿ ಬೋರ್ಡ್ ತಗೊಂಡಿದ್ದೆ, ಕೊಟ್ಟವರು 44 ಸೆಂಟಿಮೀಟರ್ ಫಿನ್, ಅಂದ್ರ ಬೋರ್ಡಿನ ತಳದಾಗ ಹಿಂದ ನೀರಿಗೆ ಇಳಿದಿರೋ ರೆಕ್ಕಿ, ಹಾಕಿ ಕೊಟ್ಟಿದ್ರು, ನಾನೂ ಕೇಳ್ಲಿಲ್ಲ ಅವರೂ ಹೇಳ್ಲಿಲ್ಲ. ಗಾಳಿ ಚಲೋ ಇತ್ತು, ಬೋರ್ಡ್ ನೀರಿನ ಮ್ಯಾಲೆ ಎದ್ದು ಜಾರ್ಲಿಕ್ಕೆ ಹತ್ತಿತ್ತು, ಕಾಲ ಕೆಳಗ ಒಂದು ಸಣ್ಣ ಸದ್ದು ಬಂತು, ತವಾ ಮ್ಯಾಲೆ ಸೌಟು ಉಜ್ಜಿದಂಗ, ಅದು ಫಿನ್ನಿನ ತುದಿ ಮರಳಿಗೆ ತಾಗಿದ ಸದ್ದು. ಅದನ್ನ ಕೇಳಿ ಏನಂತ ಅರ್ಥ ಮಾಡ್ಕೊಳ್ಳೋದ್ರಾಗ ಬೋರ್ಡ್ ನಿಂತೇ ಬಿಟ್ತು, ನಾನು ನಿಲ್ಲಲಿಲ್ಲ, ಮೈಗೆ ಕಟ್ಟಿದ ಹಾರ್ನೆಸ್ ಪಟ್ಟಿ ಹುಕ್ ಬೂಮಿಗೆ, ಅಂದ್ರ ಹಾಯಿ ಹಿಡಿಯೋ ಅಡ್ಡ ಕೋಲಿಗೆ, ಸಿಕ್ಕೊಂಡೇ ಇತ್ತು, ಹಾಯಿ ಸಮೇತ ಮುಂದಕ್ಕ ಎತ್ತಿ ಒಗೀತು. ನೀರು ಮೊಣಕಾಲಷ್ಟ. ಬಲಗೈ ಊರಿದೆ, ಮಣಿಕಟ್ಟು ಹೋತು, ಆರು ವಾರ ಪಟ್ಟಿ. ಎದಿಮಟ್ಟ ನೀರಿದ್ದಿದ್ರ ಒಂದು ಬುಟ್ಟಿ ನೀರು ಕುಡಿದು ಎದ್ದು ನಗತಿದ್ದೆ.

ಆವತ್ತಿಂದ ನಾನು ಎರಡು ಆಳ ಲೆಕ್ಕ ಹಾಕ್ತೀನಿ. ಫಿನ್ನಿಗೆ ಬೇಕಾಗೋ ಆಳ ಬ್ಯಾರೆ, ಮನುಷ್ಯಾ ಬೀಳೋದಕ್ಕ ಬೇಕಾಗೋ ಆಳ ಬ್ಯಾರೆ. ಫಿನ್ನಿಗೆ ಅದರ ಉದ್ದದ ಮ್ಯಾಲೆ ಒಂದು ಗೇಣು ಗೇಣೂವರಿ ನೀರು ಇದ್ರ ನಡೀತೈತಿ, ಬೀಳೋದಕ್ಕ ಮಾತ್ರ ಸೊಂಟಮಟ್ಟ ಬೇಕೇ ಬೇಕು, ಎದಿಮಟ್ಟ ಇದ್ರ ಇನ್ನೂ ಚಲೋ. ಮಂದಿ ತಪ್ಪು ಮಾಡೋದು ಇಲ್ಲೇ ನೋಡ್ರಿ, ಸಣ್ಣ ಫಿನ್ ತಗೊಂಡಕೂಡ್ಲೆ ಇನ್ನೇನು ಮೊಣಕಾಲ ನೀರಾಗೂ ಹೋಗಬಹುದು ಅಂತ ದಡದ ಹತ್ರ ಹತ್ರ ಬರ್ತಾರ. ಸಣ್ಣ ಫಿನ್ ಹಾಕೋದು ಕಡಿಮಿ ನೀರಿಗೆ ಹೋಗ್ಲಿಕ್ಕೆ ಅಲ್ರಿ, ಸೊಂಟದ ನೀರಾಗ ಓಡುವಾಗ ಅಲ್ಲೆಲ್ಲೋ ಒಂದು ದಿಬ್ಬ ಬಂದ್ರ ತಾಗಬಾರದು ಅಂತ. ಈ ಲೇಖನದಾಗ ಒಂದೇ ಮಾತು ಓದ್ತೀರಿ ಅಂದ್ರ ಇದನ್ನ ಓದ್ರಿ.

ಆಳ ಅಳೆಯೋದು ಹೆಂಗಂದ್ರ, ಇಳಿಯೋಕೆ ಮೊದ್ಲ ಒಂದು ಉದ್ದನೆ ಬಿದಿರು ಕೋಲು ತಗೊಂಡು ನಡೀರಿ, ಒಂದ ಸಾಲಾಗ ಅಲ್ಲ, ಹೊಲ ಹರಗಿದಂಗ ಅಡ್ಡ ಉದ್ದ ಎರಡೂ. ತುಂಗಭದ್ರಾ ಹಿನ್ನೀರಿನ ತಳ ಅಂದ್ರ ಹೂಳು, 133 ಟಿಎಂಸಿ ಇದ್ದ ಡ್ಯಾಮಿನ ಸಾಮರ್ಥ್ಯ 105.788 ಟಿಎಂಸಿಗೆ ಇಳಿದೈತಿ ಅಂದ್ರ ಎಷ್ಟು ಹೂಳು ಕುಂತೈತಿ ನೀವ ಲೆಕ್ಕ ಹಾಕ್ರಿ. ಕೋಲು ಊರಿದ್ರ ಮೊದಲು ಮೆತ್ತಗ ಇಳೀತೈತಿ, ಆಮ್ಯಾಲೆ ಗಟ್ಟಿ ಸಿಗ್ತೈತಿ, ಆ ಮೆತ್ತನ್ನ ಭಾಗಾನ ನೀರು ಅಂತ ಎಣಿಸಬ್ಯಾಡ್ರಿ, ಫಿನ್ನಿಗೆ ಅದು ನೆಲನ. ಹೂಳಿನ್ಯಾಗ ಮರಳಿನಂಗ ಒಮ್ಮೆಲೆ ನಿಲ್ಲಂಗಿಲ್ಲ, ಸ್ವಲ್ಪ ಎಳೆದು ನಿಲ್ಲತೈತಿ, ಅಷ್ಟ ವ್ಯತ್ಯಾಸ. ಬಂಡಿಗಲ್ಲು ಇರೋ ಕಡೆ, ಮುಳುಗಿದ ಮರದ ಬೊಡ್ಡಿ ಇರೋ ಕಡೆ, ಮೀನಿನ ಬಲಿ ಕಟ್ಟಿರೋ ಕಡೆ ಯಾವ ಫಿನ್ನೂ ಆಗಂಗಿಲ್ಲ, ಅಂಥ ಜಾಗ ಮೀನು ಹಿಡಿಯೋರಿಗೆ ಗೊತ್ತಿರ್ತೈತಿ, ಮೊದಲು ಅವರನ್ನ ಕೇಳ್ರಿ. ಮೊಸಳಿ ವಿಷಯಾನೂ ಅವರನ್ನ ಕೇಳಬೇಕು, ತುಂಗಭದ್ರಾದಾಗ ಮೊಸಳಿ ಅದಾವು, ಇದು ಹುಡುಗಾಟಿಕಿ ಮಾತಲ್ಲ. ನೀರಿಗೆ ಇಳಿಯೋಕೆ ಅನುಮತಿ ಬೇಕು, ಡ್ಯಾಮಿನ ಗೇಟು ಮತ್ತ ಕಾಲುವಿ ಬಾಯಿ ಕಡೆ ಹೋಗೋ ವಿಚಾರನೂ ಮಾಡಬಾರದು, ಆನೆಗೊಂದಿ ಸಾಣಾಪುರ ಕಡೆ ಹೊಳಿಯಾಗಂತೂ ಬಂಡಿ, ಸುಳಿ, ಸೆಳವು, ಅದು ಈ ಆಟದ ಜಾಗಾನ ಅಲ್ಲ.

ಇನ್ನೊಂದು, ಇವತ್ತು ಅಳದಿದ್ದು ಮುಂದಿನ ತಿಂಗಳು ಸುಳ್ಳು. ಎಡದಂಡಿ ಕಾಲುವಿ ಗಂಗಾವತಿ, ಸಿಂಧನೂರು, ರಾಯಚೂರು ಕಡೆ ಹರಿತಿದ್ದಂಗ ಹಿನ್ನೀರು ದಿನಾ ಸರಿತಿರ್ತೈತಿ, ಡಿಸೆಂಬರದಾಗ ಎದಿಮಟ್ಟ ಇದ್ದ ಜಾಗ ಆಮ್ಯಾಲೆ ತೊಡಿಗೆ ಬರ್ತೈತಿ, ಕಡೀಕ ಅಲ್ಲಿ ದನ ಮೇಯ್ತಿರ್ತಾವು.

ಈಗ ಫಿನ್ನಿಗೆ ಬರ್ರಿ. ಫಿನ್ ಯಾಕ ಬೇಕು ಅನ್ನೋದು ಹರಗೋಲಿನ್ಯಾಗ ಕುಂತವರಿಗೆ ಹೇಳಬೇಕಾಗಿಲ್ಲ. ಹರಗೋಲಿನ ತಳ ಬುಟ್ಟಿ ಇದ್ದಂಗ, ಗೇಣು ನೀರಾಗೂ ಹೋಗ್ತೈತಿ, ಆದ್ರ ಹುಟ್ಟು ಹಾಕೋದು ಬಿಟ್ರ ಗಿರಗಿರ ತಿರಗತೈತಿ, ಗಾಳಿ ಎತ್ತ ತಳ್ಳತೈತೋ ಅತ್ತ. ಫಿನ್ ತಗದ ಬೋರ್ಡೂ ಹಂಗ. ಗಾಳಿ ಅಡ್ಡ ತಳ್ಳತೈತಿ, ಫಿನ್ ನೀರನ್ನ ಹಿಡಕೊಂಡು ಅಡ್ಡ ಹೋಗದಂಗ ತಡೀತೈತಿ, ಅದಕ್ಕ ಬೋರ್ಡ್ ಮುಂದಕ್ಕ ಹೋಗ್ತೈತಿ. ಉದ್ದ ಫಿನ್ ಅಂದ್ರ ಹಿಡಿತ ಜಾಸ್ತಿ, ಗಾಳಿಗೆ ಎದುರು ಓರೆಯಾಗಿ ಏರೋದು ಸುಲಭ, ಕಡಿಮಿ ಗಾಳಿಗೂ ಬೋರ್ಡ್ ಬೇಗ ಏಳ್ತೈತಿ. ಸಾದಾ ಬೋರ್ಡಿಗೆ ಒಂದು ಅಂದಾಜು ಲೆಕ್ಕ ಐತಿ, ಹಾಯಿ ಎಷ್ಟು ಚದರ ಮೀಟರ್ ಐತೋ ಅದನ್ನ ಆರರಿಂದ ಗುಣಿಸಿದ್ರ ಫಿನ್ನಿನ ಉದ್ದ ಸೆಂಟಿಮೀಟರ್‌ನಾಗ ಹತ್ರ ಬರ್ತೈತಿ, 6ರ ಹಾಯಿಗೆ 36, 7ಕ್ಕ 42. ಈ ಲೆಕ್ಕ ಆಳ ನೀರಿಗೆ ಸರಿ. ಸೊಂಟದ ನೀರಾಗ 42 ಹಾಕೋದು ಬ್ಯಾಡ್ರಿ.

ಅದರ ಬದಲಿಗೆ ಮೂರು ದಾರಿ ಅದಾವು. ಒಂದು ವೀಡ್ ಫಿನ್, ಕುಡುಗೋಲಿನಂಗ ಹಿಂದಕ್ಕ ಬಾಗಿರ್ತೈತಿ, ಜೊಂಡು, ಪಾಚಿ, ಹಗ್ಗದ ತುಂಡು ಏನ ಸಿಕ್ರೂ ಹಿಂದಕ್ಕ ಜಾರಿ ಹೋಗ್ತೈತಿ, ನೆಲ ತಾಗಿದ್ರೂ ನೆಟ್ಟಗಿರೋ ಫಿನ್ನಿನಂಗ ಗಕ್ಕನ ನಿಲ್ಲಂಗಿಲ್ಲ, ಸ್ವಲ್ಪ ಉಜ್ಜಿಕೊಂಡು ಹತ್ತತೈತಿ. ಎರಡನೇದು ಡೆಲ್ಟಾ ಫಿನ್, ಇದು ಗಿಡ್ಡ, ಬುಡ ಬಲು ಅಗಲ, ಸುಮಾರು 20 ಸೆಂಟಿಮೀಟರ್ ಉದ್ದದ್ದು ತನಗಿಂತ ಎಷ್ಟೋ ಉದ್ದನ ಫಿನ್ನಿನ ಕೆಲಸ ಮಾಡ್ತೈತಿ, ಯಾಕಂದ್ರ ಉದ್ದದಾಗ ಕಳಕೊಂಡ ಜಾಗಾನ ಅಗಲದಾಗ ತಗೋತೈತಿ. ಮೂರನೇದು ಒಂದರ ಬದಲು ಎರಡು ಮೂರು ಸಣ್ಣ ಫಿನ್ ಇರೋ ಬೋರ್ಡ್, ಅಲೆ ಮ್ಯಾಲೆ ಆಡೋರು ಇಟ್ಕೊಂಡಿರ್ತಾರ, ಅದನ್ನ ಇದಕ್ಕಂತ ಹೊಸದಾಗಿ ಕೊಳ್ಳಬ್ಯಾಡ್ರಿ, ಕಡಿಮಿ ಗಾಳಿಗೆ ಅದು ಏಳೋದು ಕಷ್ಟ.

ವೀಡ್ ಮತ್ತ ಡೆಲ್ಟಾ ನಡುವ ನನ್ನ ಆಯ್ಕೆ ನೆಲ ನೋಡಿ. ಜೊಂಡು ಇದ್ರ ವೀಡ್ ಫಿನ್, ಬರೇ ಹೂಳು ಇಲ್ಲಾ ಮರಳು ಇದ್ರ ಡೆಲ್ಟಾ. ಡೆಲ್ಟಾದಾಗ ಒಂದು ರೂಢಿ ಬಿಡಬೇಕಾಗ್ತೈತಿ, ಉದ್ದ ಫಿನ್ನಿಗೆ ಹಿಂದಿನ ಕಾಲಿಂದ ಒದ್ದು ಒದ್ದು ವೇಗ ತಗೋತಿರ್ತೀವಿ, ಇದಕ್ಕ ಹಂಗ ಒದ್ರ ಹಿಡಿತ ಬಿಟ್ಟು ಬೋರ್ಡಿನ ಹಿಂಭಾಗ ಸರಕ್ ಅಂತ ಅಡ್ಡ ಹೋಗ್ತೈತಿ, ಅದನ್ನ ಸ್ಪಿನ್‌ಔಟ್ ಅಂತಾರ. ಮೊದಲು ಬೋರ್ಡ್ ಸ್ವಲ್ಪ ಗಾಳಿಯಿಂದ ಆಚೆ ತಿರುಗಿಸಿ ಓಡ್ಲಿಕ್ಕೆ ಬಿಡ್ರಿ, ವೇಗ ಬಂದ ಮ್ಯಾಲೆ ನಿಧಾನಕ್ಕ ಗಾಳಿ ಕಡೆ ತರ್ರಿ, ಎರಡು ಕಾಲಿನ ಮ್ಯಾಲೆ ಸಮ ಭಾರ ಇಡ್ರಿ. ಎರಡು ಮೂರು ದಿನದಾಗ ಮೈಗೆ ಹತ್ತತೈತಿ. ಕೊಳ್ಳೋಕೆ ಮೊದ್ಲ ನಿಮ್ಮ ಬೋರ್ಡಿನ ಫಿನ್ ಬಾಕ್ಸ್, ಅಂದ್ರ ಫಿನ್ ಕೂಡಿಸೋ ಗೂಡು, ಯಾವ ನಮೂನಿದು ನೋಡ್ಕೋರಿ, ಪವರ್ ಬಾಕ್ಸಿಂದು ಟಟಲ್ ಬಾಕ್ಸಿಗೆ ಕೂಡಂಗಿಲ್ಲ, ಯುಎಸ್ ಬಾಕ್ಸಿಂದು ಎರಡಕ್ಕೂ ಕೂಡಂಗಿಲ್ಲ, ನಮ್ಮ ಕಡೆ ತಂದ್ಮ್ಯಾಲೆ ಬದಲಿ ಮಾಡ್ಕೊಳ್ಳೋಕೆ ಅಂಗಡಿ ಇಲ್ಲ.

ಬೋರ್ಡಿನ ವಿಷಯ ಬೇಗ ಮುಗೀತೈತಿ. ಬೋರ್ಡಿನ ಗಾತ್ರ ಲೀಟರಿನ್ಯಾಗ ಹೇಳ್ತಾರ, ಲೀಟರ್ ಹೆಚ್ಚಿದ್ದಷ್ಟು ಹೆಚ್ಚು ತೇಲ್ತೈತಿ, ಕಲಿಯೋರಿಗೆ 180ರಿಂದ 220 ಲೀಟರಿನ ಅಗಲ ಬೋರ್ಡ್, ನಡುವ ನೀರಿಗೆ ಇಳಿಬಿಡೋ ಹಲಗಿ, ಡ್ಯಾಗರ್ ಬೋರ್ಡ್ ಅಂತಾರ, ಇರ್ತೈತಲ್ಲ ಅದು, ಆದ್ರ ಆ ಡ್ಯಾಗರ್ ಫಿನ್ನಿಗಿಂತ ಆಳಕ್ಕ ಹೋಗ್ತೈತಿ ಅನ್ನೋದು ಮರೀಬ್ಯಾಡ್ರಿ, ಸೊಂಟದ ನೀರಿಗೆ ಬರೋಕೆ ಮೊದ್ಲ ಕಾಲಿಂದ ಒತ್ತಿ ಒಳಗ ಮಡಚಿರಬೇಕು. ಗಾಳಿ ತುಂಬೋ ಬೋರ್ಡ್ ಕಾರಿನ ಡಿಕ್ಕಿಯಾಗ ಬರ್ತೈತಿ, ಫಿನ್ನೂ ಸಣ್ಣದಿರ್ತೈತಿ, ಮೆಲ್ಲಗ ಓಡಾಡ್ಲಿಕ್ಕೆ ಚಲೋ, ಜೋರು ಗಾಳಿಗೆ ಬಳುಕತೈತಿ. ಆಗಲೇ ಹಾರ್ನೆಸ್ ಹಾಕಿ ಓಡೋರು 120–140 ಲೀಟರ್ ತಗೋರಿ, ಅದಕ್ಕಿಂತ ಸಣ್ಣದು ಈ ನೀರಿಗೆ ಬ್ಯಾಡ, ಗಾಳಿ ಬಿದ್ರ ನಿಮ್ಮನ್ನ ಹೊತ್ತು ದಡಕ್ಕ ತರೋ ತಾಕತ್ತು ಇರ್ಬೇಕು. ಇನ್ನ ಫಾಯಿಲ್, ಅಂದ್ರ ಕೆಳಗ ಕಂಬ, ರೆಕ್ಕಿ ಇದ್ದು ಬೋರ್ಡನ್ನ ನೀರಿಂದ ಮ್ಯಾಲೆ ಎತ್ತೋದು, 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿದವರು ಅದನ್ನ ಕೇಳ್ತಾರ, ಅಲ್ಲಿ ವಿಂಡ್‌ಸರ್ಫಿಂಗ್ ಪೂರಾ ಫಾಯಿಲ್ ಮ್ಯಾಲೇ ಆಗಿದ್ದು. ಅದರ ಕಂಬಾನ ನೀರಿನ ಕೆಳಗ ಮುಕ್ಕಾಲು ಮೀಟರಿಂದ ಒಂದು ಮೀಟರ್ ತನಕ ಇರ್ತೈತಿ, ತುದಿಗೆ ರೆಕ್ಕಿ ಬ್ಯಾರೆ, ಸೊಂಟದ ನೀರಾಗ ಅದು ಆಗೋ ಮಾತಲ್ಲ.

ಕಡಿಮಿ ಆಳದ ನೀರು ಕೆಟ್ಟದ್ದು ಅಂತ ಮಾತ್ರ ತಿಳೀಬ್ಯಾಡ್ರಿ. ಅಲ್ಲಿ ದೊಡ್ಡ ಅಲೆ ಏಳಂಗಿಲ್ಲ, ನೀರು ಹಾಸಿದ ಕಂಬಳಿಯಂಗ ಇರ್ತೈತಿ, ವೇಗಕ್ಕ ಅದಕ್ಕಿಂತ ಚಲೋ ಜಾಗ ಇಲ್ಲ. ನಮೀಬಿಯಾದ ಲೂಡರಿಟ್ಜ್‌ನಾಗ ಇದಕ್ಕಂತನ ಕಿರಿದಾದ ಕಾಲುವಿ ಅಗೆದಾರ, 2015ರಾಗ ಆಂಟೊಯಿನ್ ಆಲ್ಬೋ ಅಲ್ಲಿ 53.27 ನಾಟ್ ಹೊಡೆದ, ಗಂಟೆಗೆ 98 ಕಿಲೋಮೀಟರ್ ಮ್ಯಾಲೆ. ನಮಗ ಅಷ್ಟು ಬ್ಯಾಡ ಬಿಡ್ರಿ. ಆದ್ರ ಒಂದು ಗುಣ ತಿಳಿದಿರ್ಲಿ, ಒಂದು ಮೀಟರ್ ಆಳದ ನೀರಾಗ ಅಲೆ ಗಂಟೆಗೆ ಸುಮಾರು 11 ಕಿಲೋಮೀಟರ್‌ಗಿಂತ ಜೋರು ಹೋಗಲಾರದು, ಅರ್ಧ ಮೀಟರಿನ್ಯಾಗ 8, ಬೋರ್ಡ್ ಆ ವೇಗದ ಹತ್ರ ಬಂದಾಗ ತನ್ನ ಅಲೆನ ಎದುರಿಗೆ ನಿಂತು ದಿಬ್ಬ ಹತ್ತಿದಂಗ ಭಾರ ಅನಸ್ತೈತಿ. ಗಾಳಿ ಸಾಲಲ್ಲ ಅಂತ ಅಲ್ಲೇ ಕೈ ಬಿಡ್ತಾರ, ಬಿಡಬ್ಯಾಡ್ರಿ, ಎರಡು ಸಲ ಹಾಯಿ ಜಗ್ಗಿ ಒಳಗ ಎಳೀರಿ, ಆ ದಿಬ್ಬ ದಾಟಿದ್ಮ್ಯಾಲೆ ಹಗುರಾಗ್ತೈತಿ.

ಹಾಯಿಗೆ ಬಂದ್ರ, ಥಂಡಿ ಗಾಳಿ ತೂಕದ ಗಾಳಿ. 15 ಡಿಗ್ರಿ ಗಾಳಿ 35 ಡಿಗ್ರಿ ಗಾಳಿಗಿಂತ ನೂರಕ್ಕ ಏಳರಷ್ಟು ದಟ್ಟ, ಅದಕ್ಕ ಮೇ ತಿಂಗಳ ಬಿಸಿಲಾಗಿನ 15 ನಾಟಿಗೂ ಜನವರಿ ಮುಂಜಾನಿ 15 ನಾಟಿಗೂ ಕೈಗೆ ಬೀಳೋ ಎಳತ ಒಂದ ಅಲ್ಲ. 7 ಮತ್ತ 6ರ ನಡುವ ಮನಸ್ಸು ಡೋಲಾಯಮಾನ ಆದ್ರ ಥಂಡಿ ದಿನ 6 ತಗೋರಿ, ಸಣ್ಣ ಹಾಯಿಗೆ ಸಣ್ಣ ಫಿನ್ ಸಾಕಾಗ್ತೈತಿ, ಎರಡೂ ಕೆಲಸ ಒಮ್ಮೆಲೆ ಆಗ್ತಾವು.

ಈಗ ಬಟ್ಟಿ, ಇಲ್ಲಿ ನಮ್ಮ ಮಂದಿ ಬಾಳ ತಪ್ಪು ಮಾಡ್ತಾರ. ನಮ್ಮ ಕೊಪ್ಪಳದಾಗ ಏನು ಮಹಾ ಥಂಡಿ, ಗವಿಮಠದ ಜಾತ್ರಿಗೆ ಒಂದು ಸ್ವೆಟರ್ ಹಾಕ್ಕೊಂಡು ಹೋದ್ರ ಸಾಕು ಅಂತಾರ. ದಡದ ಮ್ಯಾಲೆ ಸಾಕು. ಆದ್ರ ಬ್ಯಾಸಿಗ್ಯಾಗ ಮಡಕಿ ನೀರು ಹೆಂಗ ತಣ್ಣಗಾಗ್ತೈತಿ ನೆನಸ್ಕೋರಿ, ಮಡಕಿ ಮೈ ಒದ್ದಿ ಇರ್ತೈತಿ, ಗಾಳಿ ಬೀಸಿದ್ರ ಆ ಪಸೆ ಆರಿ ಹೋಗ್ತಾ ಒಳಗಿನ ಕಾವು ತಗೊಂಡು ಹೋಗ್ತೈತಿ. ಒದ್ದಿ ಹತ್ತಿ ಅಂಗಿ ಹಾಕ್ಕೊಂಡು ಗಾಳಿಗೆ ನಿಂತ ಮನುಷ್ಯಾ ಅಂದ್ರ ಅದ ಮಡಕಿ. 15–16 ಡಿಗ್ರಿ ಮುಂಜಾನಿ, 12 ನಾಟ್ ಗಾಳಿ, ಅರ್ಧ ತಾಸಿನ್ಯಾಗ ಬೆರಳು ಹೇಳಿದ ಮಾತು ಕೇಳಂಗಿಲ್ಲ, ಬೂಮ್ ಹಿಡಿದದ್ದು ಗೊತ್ತಾಗಂಗಿಲ್ಲ, ತುಟಿ ನಡುಗತಾವು. ಹಂಗ ನಡುಗೋ ಗೆಳೆಯನ್ನ ನಾನು ನೀರಾಗಿಂದ ಕೈ ಹಿಡಿದು ನಡಿಸ್ಕೊಂಡು ತಂದೀನಿ, ಆವತ್ತು ನೀರು ಸೊಂಟಮಟ್ಟ ಇದ್ದದ್ದಕ್ಕ ನಡೀಲಿಕ್ಕೆ ಬಂತು. ಅದಕ್ಕ ಸ್ವೆಟರ್, ಜರ್ಕಿನ್, ಜೀನ್ಸ್ ಮೂರೂ ದಡದಾಗ ಇರ್ಲಿ, ವಾಪಸ್ ಬಂದ್ಮ್ಯಾಲೆ ಹಾಕ್ಕೊಳ್ಳೋಕೆ.

ವೆಟ್‌ಸೂಟು, ಅಂದ್ರ ನೀರಾಗ ಮೈ ಬೆಚ್ಚಗಿಡೋ ರಬ್ಬರ್ ಅಂಗಿ, ಅದರಾಗ ಗಿಡ್ಡ ತೋಳು ಗಿಡ್ಡ ಕಾಲಿನ 2 ಮಿಲಿಮೀಟರಿನ ಶಾರ್ಟಿ, ಇಲ್ಲಾ ಪೂರಾ ಮೈ ಮುಚ್ಚೋ 3/2, ನಮ್ಮ ಕಡೆಗೆ ಇವೆರಡರಾಗ ಒಂದು ಸಾಕು. 3/2 ಅಂದ್ರ ಎದಿ ಬೆನ್ನಿಗೆ 3, ಕೈ ಕಾಲಿಗೆ 2 ಮಿಲಿಮೀಟರ್ ದಪ್ಪ. ಮಧ್ಯಾಹ್ನ ಇಳಿಯೋರಿಗೆ, ಬೀಳೋದು ಕಡಿಮಿ ಇರೋರಿಗೆ ಶಾರ್ಟಿ. ಮುಂಜಾನಿ ಇಳಿಯೋರಿಗೆ, ಕಲಿಯೋರಿಗೆ, ಸಣಕಲ ಮೈಯವರಿಗೆ 3/2, ಯಾಕಂದ್ರ ಕಲಿಯೋರು ಓಡೋದಕ್ಕಿಂತ ನಿಂತಿರೋದ ಜಾಸ್ತಿ, ಹಾಯಿ ಎತ್ತು, ಬೀಳು, ಮತ್ತ ಎತ್ತು. ಎರಡರಾಗ ಒಂದ ಕೊಳ್ಳೋಕಾಗೋದು ಅಂದ್ರ ನಾನು 3/2 ಅಂತೀನಿ, ಕಾವು ಹೆಚ್ಚಾದ್ರ ಒಂದು ಸಲ ಮುಳುಗಿ ಎದ್ರ ಆತು, ಥಂಡಿ ಹೆಚ್ಚಾದ್ರ ಶಾರ್ಟಿಯಾಗ ಮಾಡ್ಲಿಕ್ಕೆ ಏನೂ ಇಲ್ಲ. ಎದಿ ಭಾಗದಾಗ ಬಟ್ಟಿ ಹೊದಿಕಿ ಇಲ್ಲದ ನುಣ್ಣನ್ನ ರಬ್ಬರ್ ಇರೋದು ಸಿಕ್ರ ಅದನ್ನ ತಗೋರಿ, ಅದರ ಮ್ಯಾಲೆ ನೀರು ನಿಲ್ಲಂಗಿಲ್ಲ, ಮಡಕಿ ಕಥಿ ಆಗಂಗಿಲ್ಲ. ಸೂಟು ಮೈಗೆ ಅಂಟಿರಬೇಕು, ಸಡಿಲ ಇದ್ರ ಒಳಗ ನೀರು ಹೋಗ್ತಾ ಬರ್ತಾ ಇರ್ತೈತಿ, ಅಂಥ ಸೂಟು ಇದ್ದೂ ಇಲ್ಲದಂಗ.

ಬೂಟು ಕಡ್ಡಾಯ. ಹೂಳಿನ್ಯಾಗ ಕಪ್ಪೆಚಿಪ್ಪು, ಗಾಜು, ಮೀನಿನ ಗಾಳ ಎಲ್ಲಾ ಇರ್ತಾವು. ಕಾಲಿಗೆ ಬಿಗಿಯಾಗಿ ಪಟ್ಟಿ ಇರೋ 3 ಮಿಲಿಮೀಟರಿನ ನಿಯೋಪ್ರೀನ್ ಬೂಟು ಬೇಕು, ಹಳೇ ಕ್ಯಾನ್ವಾಸ್ ಶೂ ಹಾಕ್ಕೊಂಡು ಬಂದವರದು ಒಂದು ಕಾಲಿಂದು ಹೂಳಿನ್ಯಾಗ ಉಳೀತೈತಿ, ಕಣ್ಣಾರೆ ನೋಡೀನಿ. ಕೈಗವಸು ನಮ್ಮ ಥಂಡಿಗೆ ಬ್ಯಾಡ, ದಪ್ಪ ಗವಸಿನ್ಯಾಗ ಬೂಮ್ ಹಿಡಿಯೋಕೆ ಎರಡರಷ್ಟು ಬಿಗಿ ಬೇಕು, ಮೊಣಕೈ ಕೆಳಗಿನ ಸ್ನಾಯು ಕಲ್ಲಾಗ್ತೈತಿ. ತಲೆಗೆ ಟೊಪ್ಪಿಗಿ ಬದಲು ಹೆಲ್ಮೆಟ್ ಹಾಕ್ರಿ, ಕಡಿಮಿ ನೀರಾಗ ಮಾಸ್ಟ್, ಅಂದ್ರ ಹಾಯಿ ಕಂಬ, ತಲೆ ಮ್ಯಾಲೆ ಬಿದ್ರ ಕೆಳಗ ಜಾರಿಕೊಳ್ಳೋಕೆ ಜಾಗ ಇರಂಗಿಲ್ಲ. ಲೈಫ್ ಜಾಕೆಟ್ ಹಾಕ್ರಿ, ನಿಲ್ಲೋ ನೀರಾಗ ಅದ್ಯಾಕ ಅಂತ ಕೇಳಬ್ಯಾಡ್ರಿ, ಗಾಳಿ ದಿಕ್ಕು ಬದಲಾದ್ರ ನಿಲ್ಲದ ನೀರಿಗೆ ಹೋಗೋದು ಐದು ನಿಮಿಷದ ಮಾತು, ಜೊತೀಗೆ ಎದಿಗೂ ಬೆನ್ನಿಗೂ ಅದು ಮೆತ್ತೆ.

ಹೊರದೇಶಕ್ಕ ಓದ್ಲಿಕ್ಕೆ, ಕೆಲಸಕ್ಕ ಹೋದ ನಮ್ಮ ಹುಡುಗ್ರಿಗೆ ಈ ಲೆಕ್ಕ ಪೂರಾ ಬದಲಾಗ್ತೈತಿ. ನೆದರ್ಲೆಂಡ್ಸಿನ ಐಸೆಲ್‌ಮೇರ್ ಅಂತ ಸರೋವರ, 1932ರಾಗ 32 ಕಿಲೋಮೀಟರ್ ಉದ್ದದ ಒಡ್ಡು ಹಾಕಿ ಸಮುದ್ರಾನ ಕಟ್ಟಿ ಮಾಡಿದ್ದು, ಅಲ್ಲಿ ಮಕ್ಕುಮ್, ವರ್ಕುಮ್ ಕಡೆ ದಡದಿಂದ ದೂರದ ತನಕ ನಿಂತ್ಕೋಬಹುದು, ಕಲಿಯೋಕೆ ಭಾಳ ಚಲೋ ನೀರು. ಆದ್ರ ನೀರು 12 ಡಿಗ್ರಿಗಿಂತ ಕೆಳಗ ಇಳಿದ್ರ 3/2 ಹಾಕ್ಕೊಂಡು ಇಳೀಬ್ಯಾಡ್ರಿ, 5/4 ಸೂಟು, 5ರ ಬೂಟು, ತಲೆ ಮುಚ್ಚೋ ಹುಡ್, ಅಂಗೈ ಕಡೆ ತೆರೆದಿರೋ ಗವಸು, ಇಷ್ಟೂ ಬೇಕು. ಒಳಗ ನೀರು ಬರದ ಡ್ರೈಸೂಟೂ ಸಿಗ್ತೈತಿ, ಅದರ ಒಳಗ ಬೆಚ್ಚನ ಬಟ್ಟಿ ಹಾಕ್ಕೋಬೇಕು, ಸೀಲ್ ಹರಿದ್ರ ನೀರು ತುಂಬ್ಕೋತೈತಿ, ಹೊಸಬರಿಗೆ ನಾನು ಅದನ್ನ ಹೇಳಂಗಿಲ್ಲ. ನೀರು ಗಾಳಿಗಿಂತ ಹೆಚ್ಚುಕಡಿಮಿ 25 ಪಟ್ಟು ಜೋರಾಗಿ ಮೈ ಕಾವು ಎಳೀತೈತಿ, ಅಲ್ಲಿ ಅಷ್ಟು ನೆನಪಿರ್ಲಿ.

ಮುಂಜಾನಿನೋ ಮಧ್ಯಾಹ್ನನೋ ಅನ್ನೋದೂ ಒಂದು ಆಯ್ಕೆ. ಆಳ ಕಡಿಮಿ ನೀರು ರಾತ್ರಿ ಬೇಗ ತಣ್ಣಗಾಗ್ತೈತಿ, ಹಗಲು ಬೇಗ ಬಿಸಿ ಆಗ್ತೈತಿ. ಸೂರ್ಯ ಏರಿ ನೆಲ ಕಾದ ಮ್ಯಾಲೆ ಮ್ಯಾಲಿನ ಗಾಳಿ ಕೆಳಗಿಳಿದು ಬೀಸ್ಲಿಕ್ಕೆ ಹತ್ತತೈತಿ, ಹಂಗಾಗಿ ನಾನು ಹತ್ತು ಗಂಟೆಗೆ ಮೊದ್ಲ ಇಳಿಯಂಗಿಲ್ಲ. ಮುಂಜಾನಿ ದಡದ ಹತ್ರ ವಲಸೆ ಬಂದ ಪಟ್ಟೆತಲೆ ಬಾತುಗಳು ಕುಂತಿರ್ತಾವು, ಹಾಯಿ ಕಂಡ್ರ ಎಲ್ಲಾ ಒಮ್ಮೆಲೆ ಏಳ್ತಾವು, ಅವುನ್ನ ಎಬ್ಬಿಸಬಾರದು ಅನ್ನೋದೂ ಒಂದು ಕಾರಣ.

ಬೀಳೋದು ಹೆಂಗ ಅಂತ ಇಳಿಯೋಕೆ ಮೊದ್ಲ ರೂಢಿ ಮಾಡ್ರಿ. ಮುಂದಕ್ಕ ಎಸೆಯೋ ಹೊತ್ತಿಗೆ ಬೂಮ್ ಬಿಡಬ್ಯಾಡ್ರಿ, ಹಿಡಕೊಂಡಿದ್ರ ಹಾಯಿ ಮ್ಯಾಲೆ ಬೀಳ್ತೀರಿ, ಬಿಟ್ರ ನೆಲದ ಮ್ಯಾಲೆ. ಹಿಂದಕ್ಕ ಬಿದ್ರ ಕೂತಂಗ ಬೀಳ್ರಿ, ಕೈ ಊರಬ್ಯಾಡ್ರಿ, ತಲೆ ಮೊದಲು ಹೋಗೋದಂತೂ ಎಂದೂ ಬ್ಯಾಡ. ಸೊಂಟದ ನೀರಾಗ ಹಾಯಿಯ ಹಗ್ಗ ಜಗ್ಗಿ ಎತ್ತೋದಕ್ಕಿಂತ ಪಕ್ಕ ನಿಂತು ಹಾಯಿಗೆ ಗಾಳಿ ಹಿಡಿಸಿ ಒಂದು ಕಾಲು ಬೋರ್ಡಿನ ಮ್ಯಾಲೆ ಇಟ್ಟು ಹತ್ತೋದು ಕಲೀರಿ, ನಡುವಿಗೆ ನೋವು ಇಲ್ಲ, ನೀರಾಗ ಒದ್ದ್ಯಾಡೋದೂ ಕಡಿಮಿ.

ಹೋದ ಫೆಬ್ರವರಿ ಒಂದು ಭಾನುವಾರ ಗಾಳಿ ಭಾಳ ಚಂದ ಇತ್ತು, ಗಿಣಗೇರಿ ದಾಟೋದ್ರಾಗ ಗಿಡದ ಟೊಂಗಿ ಒಂದ ಕಡೆ ವಾಲಿದ್ವು, ಮೂರು ಮಂದಿ ಇದ್ವಿ, ಡೆಲ್ಟಾ ಫಿನ್ ಕಾರಿನ್ಯಾಗ ಬಿಗಿದು ಇಟ್ಟಿದ್ದೆ. ದಡಕ್ಕ ಹೋಗಿ ಕೋಲು ಹಿಡಿದು ನೂರು ಹೆಜ್ಜಿ ನಡದ್ವಿ, ಎಲ್ಲಾ ಕಡೆ ತೊಡಿಮಟ್ಟ, ಅದರಾಗೂ ಗೇಣು ಹೂಳು. ಫಿನ್ನಿಗೆ ಬೇಕಾದಷ್ಟು ನೀರಿತ್ತು, ಬೀಳ್ಲಿಕ್ಕೆ ಇರಲಿಲ್ಲ. ಬೋರ್ಡ್ ಕಾರಿನ ಮ್ಯಾಲಿಂದ ಇಳಿಸಲೇ ಇಲ್ಲ, ಕಾಲು ತೊಳಕೊಂಡು, ಹುಲಿಗಿಗೆ ಹೋಗಿ ಹುಲಿಗೆಮ್ಮನ ದರ್ಶನ ಮಾಡಿ, ಮಂಡಕ್ಕಿ ಮಿರ್ಚಿ ತಿಂದು ಊರಿಗೆ ಬಂದ್ವಿ.